ದಿಂಬಿನೊಳಗಿನ ಕೆಮ್ಮು

ಒಣಗಿದ ಬಟ್ಟೆಗಳನ್ನು ಮಡಚುತ್ತ ಕುಳಿತಿದ್ದ ಜಲಜಾಕ್ಷಿಯ ಕೈ ಒಮ್ಮೆಲೇ ನಿಂತಿತು. ಒಳಕೋಣೆಯಿಂದ ಒಂದು ಸದ್ದು ಬಂದಿತ್ತು. ಯಾರೋ ಹತ್ತಿಯ ಮೂಟೆಗೆ ಗುದ್ದಿದ ಹಾಗೆ, ಮಂದವಾಗಿ, ಎರಡು ಸಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ. ಬೇರೆಯವರಾಗಿದ್ದರೆ ಅದನ್ನು ಗಮನಿಸುತ್ತಲೂ ಇರಲಿಲ್ಲ.

ದಿಂಬಿಗೆ ಮುಖ ಒತ್ತಿ ಕೆಮ್ಮಿದರೆ ಹಾಗೆ ಕೇಳುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಎರಡು ವರ್ಷ ಅವಳೂ ಈ ಮನೆಯಲ್ಲಿ ಹಾಗೆಯೇ ಕೆಮ್ಮಿದ್ದಳು.

ಅವಳು ಎದ್ದಳು. ಬೇಗ ಎದ್ದರೆ ಎಡ ಬೆನ್ನಿನ ಹೊಲಿಗೆಯ ಜಾಗ ಈಗಲೂ ಹಿಡಿದೆಳೆಯುತ್ತಿತ್ತು. ಅವಳು ಬಾಗಿಲು ತಳ್ಳುವಷ್ಟರಲ್ಲಿ ನಾದಿನಿ ನಿಶ್ಚಿತಾ ಕನ್ನಡಿಯ ಮುಂದೆ ನಿಂತು, ಏನೂ ಆಗಿಲ್ಲವೆಂಬಂತೆ ಜಡೆ ಹೆಣೆಯುತ್ತಿದ್ದಳು. ದಿಂಬು ಮಂಚದ ನಡುವೆ ಬಿದ್ದಿತ್ತು.

“ಎಷ್ಟು ದಿನದಿಂದ?”

“ಎಂತದು ಅತ್ತಿಗೆ?”

“ಕೆಮ್ಮು.”

“ಹೇ, ಧೂಳು. ಮೊನ್ನೆ ಅಟ್ಟ ಗುಡ್ಸಿದ್ನಲ್ಲ.”

“ಯುಗಾದಿಗೂ ಕೆಮ್ತಿದ್ದೆ. ಆಗ ಯಾವ ಅಟ್ಟ ಗುಡ್ಸಿದ್ದೆ?”

ನಿಶ್ಚಿತಾಳ ಬೆರಳು ಜಡೆಯಲ್ಲಿ ತಡವರಿಸಿತು. “ನಾಡಿದ್ದು ಅವ್ರು ಬಂದು ಹೋಗ್ಲಿ ಅತ್ತಿಗೆ. ಆಮೇಲೆ ನೀವು ಹೇಳ್ದಂಗೆ. ಈಗ ಸುಮ್ನಿರಿ.”

ಅವರು ಎಂದರೆ ನರಸಿಂಹರಾಜಪುರದ ಗಂಡಿನ ಕಡೆಯವರು. ಜಲಜಾಕ್ಷಿ ಹೊರಗೆ ಬಂದು ಮತ್ತೆ ಬಟ್ಟೆಯ ರಾಶಿಯ ಮುಂದೆ ಕುಳಿತಳು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು. ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದಳು. ಯಾವ ಕೆಲಸಕ್ಕೂ ಮನಸ್ಸು ನಿಲ್ಲಲಿಲ್ಲ.

ಅವಳ ಕಾಯಿಲೆಗೆ ಈ ಮನೆಯಲ್ಲಿ ಅಸ್ತಮಾ ಎಂದು ಹೆಸರು. ಜಯಪುರದ ಪೇಟೆಯಲ್ಲಿ ಯಾರೇ ಕೇಳಲಿ, ಅತ್ತೆ ಗಿರಿಯಮ್ಮ ಹೇಳುತ್ತಿದ್ದುದು ಅದನ್ನೇ. ಕ್ಷಯ ಎಂಬ ಮಾತನ್ನು ಮನೆಯೊಳಗೂ ಯಾರೂ ಆಡುತ್ತಿರಲಿಲ್ಲ. ಸರ್ಕಾರಿ ಔಷಧಿಯನ್ನು ಅಂಗನವಾಡಿ ಟೀಚರ್ ಸುಮಿತ್ರಮ್ಮನ ಎದುರು ಕೂತು ನುಂಗಬೇಕೆಂದು ತಿಳಿದದ್ದೇ ತಡ, ಗಂಡ ಸಂತೋಷ ಜೀಪು ತಿರುಗಿಸಿ ಅವಳನ್ನು ಶಿವಮೊಗ್ಗದ ಖಾಸಗಿ ಡಾಕ್ಟರ ಹತ್ತಿರ ಕರೆದೊಯ್ದಿದ್ದ. ಅಲ್ಲಿಯ ಮಾತ್ರೆ ಶುರುವಾದ ಮೇಲೆ ಯಾರೂ ಎಣಿಸದ ತೊಂದರೆಯೊಂದು ಎದುರಾಯಿತು. ಅದನ್ನು ನುಂಗಿದರೆ ಮೂತ್ರ ಕೆಂಪಗೆ ಹೋಗುತ್ತಿತ್ತು. ನಿಶ್ಚಿತಾಳನ್ನು ನೋಡಲು ಬರುವವರಿಗಾಗಿಯೇ ಬಿಳಿ ಟೈಲ್ಸ್ ಹಾಕಿಸಿದ್ದ ಹೊಸ ಟಾಯ್ಲೆಟ್ಟು. ಯಾರ ಕಣ್ಣಿಗಾದರೂ ಬಿದ್ದರೆ ಎಂತ ಹೇಳುವುದು ಎಂದು, ನೆಂಟರು ಬರುವ ಸುದ್ದಿ ಸಿಕ್ಕ ಕೂಡಲೇ ಗಿರಿಯಮ್ಮ ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೇರಿಸುತ್ತಿದ್ದರು. ನೆಂಟರು ಹೋದ ಮೇಲೆ ಡಬ್ಬಿ ಇಳಿಯುತ್ತಿತ್ತು. ಮದುವೆಗಳ ಕಾಲದಲ್ಲಿ, ನೆಂಟರ ಮೇಲೆ ನೆಂಟರು ಬರುವಾಗ, ಇಳಿಸುವುದು ಮರೆತೇ ಹೋಗುತ್ತಿತ್ತು. ಮೈ ಕೊಂಚ ಹಗುರಾದ ದಿನಗಳಲ್ಲಿ ಜಲಜಾಕ್ಷಿಯೂ ಅದನ್ನು ನೆನಪು ಮಾಡಲಿಲ್ಲ.

ಕೊನೆಗೆ ಕಫದಲ್ಲಿ ರಕ್ತ ಬಿದ್ದು, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಎಡ ಶ್ವಾಸಕೋಶದ ಮೇಲಿನ ಭಾಗವನ್ನು ಕೊಯ್ದು ತೆಗೆದರು. ಕೆಟ್ಟದ್ದು ಹೋಯಿತು, ಇನ್ನು ಮಾತ್ರೆಯ ಕಾಟವೂ ಮುಗಿಯಿತು ಎಂದುಕೊಂಡೇ ಅವಳು ಹೋದ ವಾರ ಗಂಡನೊಡನೆ ತಪಾಸಣೆಗೆ ಹೋಗಿದ್ದಳು. ಅಲ್ಲಿ, ತೆಗೆದ ತುಂಡನ್ನು ಪರೀಕ್ಷೆ ಮಾಡಿದ ಡಾಕ್ಟರನ್ನು ನೋಡಿ ಬನ್ನಿ ಎಂದು ಕೆಳಗಿನ ಮಹಡಿಗೆ ಕಳಿಸಿದರು. ಡಾಕ್ಟರ್ ಶ್ರೀವಿದ್ಯಾ ಶೃಂಗೇರಿ ಕಡೆಯವರು. ಊರು ಕೇಳಿ ಮುಖ ಅರಳಿಸಿದವರು, ಸ್ವಲ್ಪ ತಡೆದು, “ನೋಡ್ತೀರಾ? ಕೆಲವರಿಗೆ ಆಗಲ್ಲ” ಎಂದರು. ಜಲಜಾಕ್ಷಿ ತಲೆಯಾಡಿಸಿದಳು.

ಕಣ್ಣುರಿಸುವ ವಾಸನೆಯ ನಡುವೆ ಒಂದು ಟ್ರೇ ಬಂತು. ಅವಳು ಭಯಂಕರವಾದದ್ದೇನನ್ನೋ ಊಹಿಸಿದ್ದಳು. ಇದ್ದದ್ದು ಬೂದು ಬಣ್ಣದ, ಒದ್ದೆ ಸ್ಪಂಜಿನಂಥ ತುಂಡು. ಬ್ರೆಡ್ಡಿನ ಹಾಗೆ ಹೋಳು ಮಾಡಿದ್ದರು. ನಡುವೆ ಹೆಬ್ಬೆರಳು ಹೋಗುವಷ್ಟು ಪೊಟರೆ. ಅದರ ಗೋಡೆ ಬೆಳ್ಳಗೆ, ಗಟ್ಟಿ. ಒಳಗೆಲ್ಲ ಆರಿದ ಗಿಣ್ಣಿನಂತೆ ಪುಡಿಪುಡಿ.

“ಈ ಗೋಡೆ ನಿಮ್ಮ ದೇಹವೇ ಕಟ್ಟಿದ್ದು, ರೋಗ ಮುಂದಕ್ಕೆ ಹೋಗ್ದೇ ಇರ್ಲಿ ಅಂತ” ಎಂದು ಡಾಕ್ಟರು ಕಡ್ಡಿಯ ತುದಿಯಿಂದ ತೋರಿಸಿದರು. “ಇಲ್ಲಿ ಮಾಯ್ತಾ ಬಂದಿದೆ. ಇಲ್ಲಿ ಮತ್ತೆ ತಿಂದಿದೆ. ಮತ್ತೆ ಮಾಯಿದೆ, ಮತ್ತೆ ತಿಂದಿದೆ. ನಡುವೆ ಮಾತ್ರೆ ಬಿಟ್ಟಿದ್ರಾ?”

“ಇಲ್ಲ ಮೇಡಂ. ಒಂದಿನನೂ ಬಿಟ್ಟಿಲ್ಲ” ಎಂದ ಸಂತೋಷ.

ಡಾಕ್ಟರು ಅವನ ಕಡೆ ನೋಡಲಿಲ್ಲ. “ಆಪರೇಷನ್ ದಿನವೇ ಒಂದು ಚೂರನ್ನ ಬೇರೆ ತೆಗೆದು ಬೆಳೆಸೋಕೆ ಇಟ್ಟಿದ್ವಿ. ಕ್ರಿಮಿ ಜೀವಂತ ಇತ್ತು. ನಿಮ್ಮ ಹಳೇ ಮಾತ್ರೆಗೆ ಅದು ಜಗ್ಗಲ್ಲ ಈಗ. ಈಗ ಕೊಟ್ಟಿರೋ ಔಷಧಿನ ಪೂರ್ತಿ ತಗೋಬೇಕು, ಎರಡು ವರ್ಷ ಆದ್ರೂ ಸರಿ. ಬಿಟ್ರೆ ಮತ್ತೆ ಕೊಯ್ಯೋಕೆ ಜಾಗ ಇಲ್ಲ.” ಆಮೇಲೆ ಪೊಟರೆಗೆ ಸೇರುವ ಸಣ್ಣ ನಾಳದ ಬಾಯಿಯ ಮೇಲೆ ಕಡ್ಡಿ ಇಟ್ಟರು. “ಇದು ಉಸಿರಿನ ದಾರಿ. ತೆರೆದೇ ಇದೆ ನೋಡಿ. ನೀವು ಕೆಮ್ಮಿದಾಗೆಲ್ಲ ಇಲ್ಲಿಂದ ಹೊರಗೆ ಬಂದಿದೆ. ಮನೇಲಿ ಇದ್ದವರನ್ನೆಲ್ಲ ಪರೀಕ್ಷೆ ಮಾಡ್ಸಿ.”

ಮೆಡಿಕಲ್ ಓದುವ ಮಕ್ಕಳ ಪಾಠಕ್ಕೆ ಈ ತುಂಡನ್ನು ಇಟ್ಟುಕೊಳ್ಳಬಹುದೇ, ಹೆಸರು ಎಲ್ಲೂ ಇರುವುದಿಲ್ಲ ಎಂದು ಅವರು ಕೇಳಿದಾಗ ಸಂತೋಷನ ಮುಖದಲ್ಲಿ ಆ ದಿನದ ಮೊದಲ ನಿರಾಳ ಕಂಡಿತು. ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು. “ಪರೀಕ್ಷೆ ವಿಷ್ಯ ಅಮ್ಮನಿಗೆ ನಾನೇ ಹೇಳ್ತೀನಿ. ಗಂಡಿನ ಕಡೆಯೋರು ಬಂದು ಹೋಗ್ಲಿ.”

ಅವನು ಹೇಳಿರಲಿಲ್ಲ. ಜಲಜಾಕ್ಷಿಗೆ ಕಣ್ಣು ಮುಚ್ಚಿದರೆ ಆ ನಾಳದ ಬಾಯಿಯೇ ಕಾಣುತ್ತಿತ್ತು. ಅವಳು ಕೆಮ್ಮುತ್ತಿದ್ದಾಗ ಪಕ್ಕದಲ್ಲಿ ಮಲಗಿ ಬೆನ್ನು ನೀವುತ್ತಿದ್ದವಳು ನಿಶ್ಚಿತಾ.

ಸಂಜೆ ಗಿರಿಯಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಹಲಸಿನ ಹಪ್ಪಳ ಒತ್ತುತ್ತಿದ್ದರು. ಸೊಸೆಯನ್ನು ಕಂಡವರೇ ಮಾತು ತೆಗೆದರು.

“ಜಲಜ, ನಾಳೆ ಮೇಗುಂದಕ್ಕೆ ಹೋಗಿ ಎರಡು ದಿನ ಇದ್ದು ಬಾ. ಅಪ್ಪನ್ನ ನೋಡ್ದಂಗೂ ಆಯ್ತು.”

“ನಿಶ್ಚಿತಾ ಕೆಮ್ತಿದಾಳೆ ಅತ್ತೆ.”

“ಶುಂಠಿ ಕಷಾಯ ಕೊಟ್ಟಿದೀನಿ.”

“ನಂಗೂ ಮೊದ್ಲು ಅದನ್ನೇ ಕೊಟ್ಟಿದ್ರಿ.”

ಗಿರಿಯಮ್ಮನ ಕೈ ನಿಂತಿತು. “ಎಂತ ಮಾತಾಡ್ತೀಯೆ ಮಾರಾಯ್ತಿ. ನನ್ನ ಮಗಳಿಗೂ ಅದೇ ಬರ್ಲಿ ಅಂತಾನಾ?”

“ಬಂದಿದ್ರೆ ನನ್ನಿಂದ್ಲೇ ಬಂದಿರದು. ಅದಕ್ಕೇ ನಂಗೆ ಕೂತಲ್ಲಿ ಕೂರಕ್ಕೆ ಆಗ್ತಿಲ್ಲ.” ಡಾಕ್ಟರು ಹೇಳಿದ್ದನ್ನೂ ಟ್ರೇಯಲ್ಲಿ ತಾನು ಕಂಡದ್ದನ್ನೂ ಅವಳು ಹೇಳುತ್ತ ಹೋದಳು. “ಒಳಗೆಲ್ಲ ಹಳೇ ಗಿಣ್ಣಿನ ಹಾಗೆ ಆಗಿತ್ತು ಅತ್ತೆ. ಡಬ್ಬಿ ಅಟ್ಟದ ಮೇಲೆ ಇದ್ದಾಗೆಲ್ಲ ಅದು ತಿಂದಿದೆ. ನೀವು ಇಟ್ರಿ, ನಾನು ಇಡಕ್ಕೆ ಬಿಟ್ಟೆ.”

ಗಿರಿಯಮ್ಮ ಹಿಟ್ಟಿನ ಉಂಡೆಯೊಂದನ್ನು ಕೈಗೆತ್ತಿಕೊಂಡರು. ಅದನ್ನು ಅಂಗೈಯಲ್ಲಿ ಉರುಳಿಸುತ್ತ ಹೇಳಿದರು. “ನಿಂಗೆ ಗೊತ್ತಿಲ್ಲ. ನಮ್ಮಕ್ಕ ಶೇಷಮ್ಮನಿಗೂ ಇದೇ ಆಗಿತ್ತು. ಸುದ್ದಿ ಹೊರಗೆ ಬಿದ್ದದ್ದೇ ಸೈ, ನಿಶ್ಚಯ ಆಗಿದ್ದ ಗಂಡು ತಿರುಗಿ ನೋಡ್ಲಿಲ್ಲ. ಕೊಟ್ಟಿಗೆ ಪಕ್ಕ ಒಂದು ಕೋಣೆ, ಬೇರೆ ತಟ್ಟೆ. ಬಾಗ್ಲಲ್ಲಿ ಅನ್ನ ಇಟ್ಟು ಬರದು ನನ್ನ ಕೆಲ್ಸ. ಇಟ್ಟು ಓಡಿ ಬರ್ತಿದ್ದೆ. ಮಾತಾಡ್ಸು ಗಿರಿ ಅಂತಿದ್ಲು ಒಳಗಿಂದ. ನನ್ನ ಮಗಳನ್ನ ಹಂಗೆ ಕೂರ್ಸಲ್ಲ ನಾನು.”

“ಅವ್ರಿಗೆ ಔಷಧಿ ಕೊಡ್ಸಿದ್ರಾ ಅತ್ತೆ?”

“ಕೊಪ್ಪದಲ್ಲಿ ಸಿಗ್ತಿತ್ತಂತೆ. ಅಪ್ಪಯ್ಯ ಕರ್ಕೊಂಡು ಹೋಗ್ಲಿಲ್ಲ. ಹೋದ್ರೆ ಪೂರಾ ಊರಿಗೆ...”

ಗಿರಿಯಮ್ಮ ಒತ್ತುಮಣೆಯನ್ನೇ ನೋಡುತ್ತ ಕೂತರು. ಉಂಡೆ ಅಂಗೈಯಲ್ಲೇ ಒಣಗತೊಡಗಿತು. ಕೊನೆಗೆ ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನಡುಮನೆಯ ಫೋನಿನ ಬಳಿ ಹೋದರು.

“ಹಲೋ, ಜಯಪುರದಿಂದ ಗಿರಿಯಮ್ಮ ಮಾತಾಡದು. ನಾಡಿದ್ದು ಬರದು ಬೇಡ ಅಂತ ಹೇಳಕ್ಕೆ ಮಾಡ್ದೆ. ಅಯ್ಯೋ, ಮನಸ್ಸಿಲ್ಲ ಅಂತಲ್ಲ. ಮಗಳಿಗೆ ಸ್ವಲ್ಪ ನೆಗಡಿ...” ಅವರ ಬೆರಳು ಫೋನಿನ ಸುರುಳಿ ವೈರನ್ನು ಹೊಸೆಯಿತು. “ನೆಗಡಿ ಅಲ್ಲ. ನನ್ನ ಸೊಸೆಗೆ ಕ್ಷಯ ಆಗಿತ್ತು. ಮಗಳನ್ನೂ ಪರೀಕ್ಷೆಗೆ ಕರ್ಕೊಂಡು ಹೋಗ್ತಿದೀವಿ. ಆಮೇಲೆ ಹೇಳ್ತೀನಿ.”

ಫೋನು ಇಟ್ಟಾಗ ನಿಶ್ಚಿತಾ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪಾಗಿತ್ತು. “ನನ್ನ ಒಂದ್ಮಾತು ಕೇಳಿದ್ರಾ ಯಾರಾದ್ರೂ?”

ಜಲಜಾಕ್ಷಿ ಅವಳನ್ನು ಕೋಣೆಗೆ ಕರೆದೊಯ್ದು, ಬೆನ್ನು ತಿರುಗಿಸಿ ರವಿಕೆ ಸಡಿಲಿಸಿದಳು. ಹೆಗಲೆಲುಬಿನ ಕೆಳಗಿನಿಂದ ಪಕ್ಕೆಯವರೆಗೆ ಬಾಗಿಹೋದ ಗಾಯದ ಗೆರೆಯನ್ನು ಮನೆಯಲ್ಲಿ ಯಾರೂ ಈವರೆಗೆ ನೋಡಿರಲಿಲ್ಲ, ಗಂಡನೂ.

“ಕೇಳ್ಬೇಕಿತ್ತು. ತಪ್ಪಾಯ್ತು” ಎಂದಳು ಜಲಜಾಕ್ಷಿ. “ಈಗ ಕೇಳ್ತಿದೀನಿ. ಬರ್ತೀಯಾ?”

ಬೆನ್ನಿನ ಮೇಲೆ ತಣ್ಣನೆಯ ಬೆರಳೊಂದು ಗೆರೆಯ ಉದ್ದಕ್ಕೂ ನಿಧಾನವಾಗಿ ಹರಿಯಿತು. ಬೆಳಿಗ್ಗೆ ಸಂತೋಷ ಜೀಪು ಶುರು ಮಾಡಿದಾಗ ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ನಿಶ್ಚಿತಾಳೇ. ಸಂತೋಷ ಯಾರ ಮುಖವನ್ನೂ ನೋಡದೆ ಗಾಡಿ ಓಡಿಸಿದ. ಕೊಪ್ಪದ ಆಸ್ಪತ್ರೆಯಲ್ಲಿ ಎಲ್ಲರನ್ನೂ ಪರೀಕ್ಷಿಸಿ, ಮರುದಿನ ಎದ್ದ ಕೂಡಲೇ ಬರುವ ಕಫವನ್ನೂ ತರಬೇಕೆಂದು ನಿಶ್ಚಿತಾಳ ಕೈಗೆ ಮುಚ್ಚಳದ ಸಣ್ಣ ಡಬ್ಬಿ ಕೊಟ್ಟರು.

ಗಂಡಿನ ಕಡೆಯವರು ಬರಬೇಕಾಗಿದ್ದ ಬೆಳಿಗ್ಗೆ ಅದು. ನಿಶ್ಚಿತಾ ಡಬ್ಬಿ ಹಿಡಿದು ಅಂಗಳದ ಅಂಚಿನಲ್ಲಿ ನಿಂತಿದ್ದಳು. ಅಭ್ಯಾಸಬಲದಿಂದ ಸೆರಗಿನ ಗಂಟು ಬಾಯಿಗೊತ್ತಿ, ಸದ್ದಾಗದಂತೆ ಕೆಮ್ಮಿದಳು. ಏನೂ ಬರಲಿಲ್ಲ. ಅಷ್ಟರಲ್ಲಿ ಅಂಗನವಾಡಿಯ ಬೀಗದಕೈ ಹಿಡಿದು ದಾರಿಯಲ್ಲಿ ಹೊರಟಿದ್ದ ಸುಮಿತ್ರಮ್ಮ, ಅಂಗಳದಲ್ಲಿದ್ದ ಗಿರಿಯಮ್ಮನನ್ನು ಕಂಡು ಗೇಟಿನ ಬಳಿ ನಿಂತರು.

“ಎಂತ ಗಿರಿಯಮ್ಮ, ನಿಶ್ಚಿತಾಗೆ ಹುಷಾರಿಲ್ವಾ?”

ಜಲಜಾಕ್ಷಿ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ತನ್ನ ಮಾತ್ರೆ ಹಿಡಿದು ಜಗಲಿಗೆ ಬಂದವಳು ಅಲ್ಲೇ ನಿಂತಳು. ಅತ್ತೆಯ ಬೆನ್ನು ಮಾತ್ರ ಕಾಣುತ್ತಿತ್ತು.

“ಕೆಮ್ಮು ಸುಮಿತ್ರಮ್ಮ” ಎಂದರು ಗಿರಿಯಮ್ಮ. “ಕಫ ಪರೀಕ್ಷೆಗೆ ಕೊಡ್ಬೇಕು. ಒಳಗೆ ಬನ್ನಿ, ನಿಮ್ಮತ್ರ ಮಾತಾಡದಿದೆ.”

ಆಮೇಲೆ ಮಗಳ ಬಳಿ ಹೋಗಿ, ಬಾಯಿಗೊತ್ತಿದ್ದ ಸೆರಗನ್ನು ಮೆಲ್ಲನೆ ಬಿಡಿಸಿ, ಬೆನ್ನಿನ ಮೇಲೆ ಅಂಗೈ ಇಟ್ಟರು.

“ಜೋರಾಗಿ ಕೆಮ್ಮು ಮಗಾ. ಎದೆಯಿಂದ ಬರ್ಬೇಕಂತೆ.”