ಪಟ್ಟದ ಹೋರಿಗೆ ಕಬ್ಬು ತಿನ್ನಿಸಿದವರು ಯಾರು?

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮೂರು ದಿನದಿಂದ ಕೂತಿದ್ದೇನೆ. ಹೋರಿಯಿಂದ ಶುರು ಮಾಡಿದರೆ ಮಕ್ಕಳ ಕಥೆಯಾಗುತ್ತದೆ. ಅಹಂಕಾರದಿಂದ ಶುರು ಮಾಡಿದರೆ ಪ್ರವಚನವಾಗುತ್ತದೆ, ನೀವು ಎದ್ದು ಚಹಾ ಕುಡಿಯಲು ಹೋಗುತ್ತೀರಿ. ಕಂಬಂ ಕಣಿವೆಯ ಬೆಳಗಿನ ಗಾಳಿ, ದ್ರಾಕ್ಷಿ ಚಪ್ಪರ, ದೂರದ ನೀಲಿ ಬೆಟ್ಟ ಎಂದೆಲ್ಲ ಒಂದು ಪ್ಯಾರಾ ಬರೆದೆ. ಓದಿದರೆ ಯಾವುದೋ ರೆಸಾರ್ಟಿನ ಜಾಹೀರಾತಿನ ಹಾಗಿತ್ತು. ಹರಿದು ಹಾಕಿದೆ.

"ನನ್ನ ಸರ್ಟಿಫಿಕೇಟಿಂದ ಶುರು ಮಾಡಿ ಸಾರ್," ಎಂದ ವೇಲುಸಾಮಿ.

(ಇವನೇ ನಮ್ಮ ನಾಯಕ. ಐವತ್ತೆರಡು ವರ್ಷ. ತಮಿಳು ಸೀಮೆಯ ಕಂಬಂ ಪಕ್ಕದ ಒಂದೂರಿನಲ್ಲಿ ಮೂರು ಎಕರೆ ದ್ರಾಕ್ಷಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಜಗಳದಲ್ಲಿ ಎರಡೂ. ಕಥೆಯೊಳಗೆ ಬಂದ ಕ್ಷಣದಿಂದ ನನಗೆ ಸಲಹೆ ಕೊಡುತ್ತಲೇ ಇದ್ದಾನೆ.)

೧

ಸರಿ, ಸರ್ಟಿಫಿಕೇಟಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನು ಮುಂದಕ್ಕೆ ಬಿಡುವುದಿಲ್ಲ. ಬೋಡಿಮೆಟ್ಟು ಬೆಟ್ಟದ ಮೇಲಿನ ಏಲಕ್ಕಿ ತೋಟವೊಂದರಲ್ಲಿ 'ಅಹಂಕಾರ ತೊರೆಯುವ ಶಿಬಿರ' ಎಂದು ಮೂರು ದಿನ ನಡೆಯಿತು. ಮೌನ, ಗಂಜಿ, ಕೊನೆಯ ದಿನ ಒಬ್ಬರ ಕಾಲಿಗೆ ಇನ್ನೊಬ್ಬರು ಬೀಳುವುದು. ವೇಲುಸಾಮಿ ಎಲ್ಲರಿಗಿಂತ ಮೊದಲು ಬಿದ್ದ. ಎಲ್ಲರಿಗಿಂತ ಹೆಚ್ಚು ಹೊತ್ತು ಬಿದ್ದುಕೊಂಡಿದ್ದ. ಇನ್ನು ಏಳಪ್ಪಾ ಎಂದು ಗುರುಗಳೇ ಬಂದು ಬೆನ್ನು ತಟ್ಟಬೇಕಾಯಿತು. ಶಿಬಿರ ಮುಗಿಸಿದ ಅರವತ್ತು ಜನಕ್ಕೂ ಒಂದೇ ಥರದ ಕಾಗದ ಕೊಟ್ಟರು. ಇವನೊಬ್ಬ ಅದನ್ನು ತೇನಿ ಪೇಟೆಗೆ ಒಯ್ದು ಲ್ಯಾಮಿನೇಶನ್ ಮಾಡಿಸಿ, ಮನೆಯ ಮುಂಬಾಗಿಲ ಮೇಲೆ ಮೊಳೆ ಹೊಡೆದು ತೂಗುಹಾಕಿದ.

"ಅಹಂಕಾರ ಬಿಡೋದ್ರಾಗೆ ನನ್ನಂಗೆ ಇನ್ನೊಬ್ಬ ಈ ಕಣಿವೇಲೇ ಇಲ್ಲೆ ಸಾರ್."

ಇಂಥವನು ಆ ಶಿಬಿರಕ್ಕೆ ಹೋಗುವ ಹಾಗೆ ಏನಾಗಿತ್ತು? ಅದೇ ಕಥೆ. (ನೋಡಿ, ಶುರುವಾಗಿಯೇ ಹೋಯಿತು. ಮೂರು ದಿನ ಸುಮ್ಮನೆ ಹಾಳು.)

೨

ಅವನ ಕುಲದವರು ದೇವರಿಗೆ ಬಿಟ್ಟ ದನಗಳ ಹಿಂಡೊಂದು ಊರಾಚೆಯ ದೊಡ್ಡಿಯಲ್ಲಿದೆ. ಅವುಗಳನ್ನು ಉಳುಮೆಗೆ ಕಟ್ಟುವುದಿಲ್ಲ, ಮಾರುವುದಿಲ್ಲ, ಹಾಲು ಕರೆಯುವುದಿಲ್ಲ. ಹಿಂಡಿಗೆ ಒಬ್ಬ ಅರಸ ಇರುತ್ತಾನೆ, ಪಟ್ಟದ ಹೋರಿ. ಅರಸ ಸತ್ತಾಗ ಹಿಂಡನ್ನು ನಿಲ್ಲಿಸಿ, ಕರ್ಪೂರ ಹಚ್ಚಿ, ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ತಾನಾಗಿ ಬಂದು ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದೇ ಮುಂದಿನ ಅರಸ. ಆರಿಸುವವನು ದೇವರು. ಮನುಷ್ಯರ ಕೈ ಅದರಲ್ಲಿ ಇರಕೂಡದು.

ಹೋದ ಸಂಕ್ರಾಂತಿಯ ತೈ ತಿಂಗಳಲ್ಲಿ ದೇವರು ಆರಿಸಿದ್ದು ವೇಲುಸಾಮಿಯ ಮನೆಯಿಂದ ಬಿಟ್ಟ ಹೋರಿಯನ್ನು. ಉಳಿದ ಹೋರಿಗಳೆಲ್ಲ ಕಬ್ಬನ್ನು ಅನುಮಾನದಿಂದ ನೋಡುತ್ತ ನಿಂತಿದ್ದಾಗ, ಅದು ಮದುವೆ ಊಟದ ಮೊದಲ ಪಂಕ್ತಿಗೆ ನುಗ್ಗುವವರ ಹಾಗೆ ನುಗ್ಗಿತು. ಜನ ಕೈಮುಗಿದರು. ಮರುದಿನವೇ ಫ್ಲೆಕ್ಸ್ ಎದ್ದಿತು. ಅದರಲ್ಲಿ ವೇಲುಸಾಮಿ ಆಳೆತ್ತರ ನಿಂತಿದ್ದ, ಹೋರಿ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯಲ್ಲಿತ್ತು. ಅಂದಿನಿಂದ ಕುಲದ ಕೂಟದಲ್ಲಿ ಮೊದಲ ವೀಳ್ಯ ಅವನಿಗೇ.

ನಿಜ ಏನೆಂದರೆ, ಹಳೆಯ ಅರಸ ಮೇವು ಕಮ್ಮಿ ಮಾಡಿದ ದಿನದಿಂದ ಆರು ತಿಂಗಳ ಕಾಲ ವೇಲುಸಾಮಿ ದಿನಾ ಬೆಳಿಗ್ಗೆ ದೊಡ್ಡಿಯ ಹಿಂದಿನ ಬೇಲಿಗೆ ಮೊಪೆಡ್ ಒರಗಿಸಿ, ತನ್ನ ಹೋರಿಗೆ ಮಾತ್ರ ಕಬ್ಬು ತಿನ್ನಿಸುತ್ತಿದ್ದ. ಇದು ಅವನ ಹೆಂಡತಿ ಪೊನ್ನಮ್ಮಾಳ್‌ಗೆ ಗೊತ್ತಿತ್ತು. ಈಗ ನಿಮಗೂ ಗೊತ್ತು.

"ದೇವ್ರಿಗೆ ಸಲ್ಪ ಒತ್ತಾಸೆ ಕೊಟ್ಟೆ, ಅಷ್ಟೇ," ಎನ್ನುತ್ತಾನೆ.

೩

ಕಬ್ಬಿನ ರುಚಿ ಹತ್ತಿದ ಅರಸ ಹುಲ್ಲು ಮುಟ್ಟಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರ್ ಕಂಡರೆ ಸಾಕು, ಬೇಲಿ ಮುರಿದು ಅದರ ಹಿಂದೆ ಹೊರಡುತ್ತಿತ್ತು. ಒಂದು ಮಂಗಳವಾರ ಕಂಬಂ ಬಸ್ ನಿಲ್ದಾಣದ ಎದುರಿನ ಕಬ್ಬಿನ ಹಾಲಿನ ಅಂಗಡಿ ಮುಂದೆ ನಾಲ್ಕು ಗಂಟೆ ನಿಂತಿತು. ದೇವರ ಹೋರಿಯನ್ನು ಹೊಡೆಯುವ ಹಾಗಿಲ್ಲ. ಅಂಗಡಿಯವನು ಲೋಟದ ಮೇಲೆ ಲೋಟ ಸುರಿದ, ಬಸ್ಸುಗಳು ಸಾಲುಗಟ್ಟಿದವು, ಅರಸ ತೇಗಿತು.

ವೇಲುಸಾಮಿ ಮೊದಲು ಹೋರಿಯನ್ನೇ ಬೈದ. ಅದರ ಅಮ್ಮನ ಕಡೆಯ ಬುದ್ಧಿ ಅಂದ. ಆಮೇಲೆ ಬೀಗಕ್ಕೆ ಹೆಸರಾದ ದಿಂಡಿಗಲ್ಲಿಗೆ ಹೋಗಿ ತೆಂಗಿನಕಾಯಿ ಗಾತ್ರದ ಬೀಗ ತಂದು ದೊಡ್ಡಿಯ ಬಾಗಿಲಿಗೆ ಹಾಕಿದ. ಅರಸ ಮರುದಿನವೂ ಹೊರಗೆ. ಬೀಗ ಹೊತ್ತುಕೊಂಡು ಮತ್ತೆ ದಿಂಡಿಗಲ್ಲಿಗೆ ಹೋಗಿ ಬೀಗದ ಅಂಗಡಿಯವನ ಮೇಲೆ ಹರಿಹಾಯ್ದ.

"ಬೀಗ ತೆಗೆದಿತ್ತಾ?" ಎಂದು ಅವನು ತಮಿಳಿನಲ್ಲಿ ಕೇಳಿದ.

"ಇಲ್ಲ. ಬೇಲಿ ಮುರೀತು."

"ಹಾಗಾದರೆ ಬೀಗ ಒಳ್ಳೆಯದೇ."

ಕೊನೆಗೆ ಕುಲದ ಹಿರಿಯ ಕಾಮರಾಜ್ ಕೂಟ ಕರೆದು ಕೇಳಿದರು, ಹೋರಿಗೆ ಈ ಚಟ ಹಿಡಿಸಿದವರು ಯಾರು ಅಂತ. ಎಲ್ಲರೂ ಮೊದಲ ವೀಳ್ಯದವನ ಮುಖ ನೋಡಿದರು. ವೇಲುಸಾಮಿಯ ನಾಲಿಗೆ ತಾನಾಗಿ ಹೊರಳಿತು.

"ದಿನಾ ಅದರ ಪಕ್ಕ ಇರೋರು ಆಂಡಿ ಅಣ್ಣ. ಅವರ್ನ ಕೇಳಿ."

ಸುಳ್ಳು ಅಂತ ಹಿಡಿಯಲೂ ಆಗದ ಮಾತು. ಆಂಡಿ ಮೂವತ್ತೊಂದು ವರ್ಷದಿಂದ ಆ ಹಿಂಡು ಕಾಯುತ್ತಿರುವವರು. ದೊಡ್ಡಿಯ ಪಕ್ಕದ ಕೋಣೆಯೇ ಅವರ ಮನೆ, ಹಿಂಡೇ ಅವರ ಸಂಸಾರ. ಅವರು ದನ ಕಾಯುವ ಕೋಲನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡಿದರು, ಕೂಟ ಅದನ್ನೇ ಒಪ್ಪಿಗೆ ಎಂದುಕೊಂಡಿತು. ಬರುವ ಶುಕ್ರವಾರ ಆಂಡಿಯ ಕೈಯಿಂದ ಕೋಲು ಇಳಿಸಿಕೊಂಡು ಕಳಿಸುವುದು ಎಂದು ತೀರ್ಮಾನವಾಯಿತು. ಆವತ್ತಿನಿಂದ ವೇಲುಸಾಮಿಗೆ ಅನ್ನ ಸೇರಲಿಲ್ಲ, ಬೋಡಿಮೆಟ್ಟಿಗೆ ಹೋದ. ಅಹಂಕಾರ ಬಿಟ್ಟು, ಅನ್ನ ಸೇರುವಂತಾಗಿ ಬುಧವಾರ ವಾಪಸು ಬಂದ. ಆಂಡಿಯ ವಿಷಯ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

೪

(ಈ ಭಾಗದಲ್ಲಿ ವೇಲುಸಾಮಿಯ ಬಾಲ್ಯವಿತ್ತು. ಅಪ್ಪ ಒಂದು ದಿನವೂ ಹೊಗಳಲಿಲ್ಲ, ಇತ್ಯಾದಿ. ತೆಗೆದು ಹಾಕಿದೆ. ಇಂಥ ಒಂದು ಕಾರಣ ಕೊಟ್ಟರೆ ಅದನ್ನೂ ಲ್ಯಾಮಿನೇಶನ್ ಮಾಡಿಸಿಬಿಡುತ್ತಾನೆ.)

೫

ಗುರುವಾರ ವೇಲುಸಾಮಿ ನನ್ನ ಮೇಲೇ ತಿರುಗಿಬಿದ್ದ.

"ಸಾರ್, ಒಂದು ಕೇಳ್ತೀನಿ. ಆಂಡಿ ಅಣ್ಣನ ಹೆಸ್ರು ನನ್ನ ಬಾಯಿಗೆ ಹಾಕಿದ್ದು ಯಾರು? ನೀವು. ನಾನಾಗಿ ಯೇಳ್ತಿದ್ನಾ? ನಾನು ಬರೀ ಪಾತ್ರ."

ಅವನ ಮುಖದಲ್ಲಿ ಎಂಥ ಗೆಲುವು! ಹೋರಿ ಆಯಿತು, ಬೀಗ ಆಯಿತು, ಕೊನೆಗೆ ಕಥೆ ಬರೆಯುವವನೇ ಸಿಕ್ಕಿಬಿದ್ದ. ಅಂಗಳದಲ್ಲಿ ದ್ರಾಕ್ಷಿ ಗೊಂಚಲಿನಿಂದ ಕೊಳೆತ ಹಣ್ಣು ಆರಿಸುತ್ತಿದ್ದ ಪೊನ್ನಮ್ಮಾಳ್ ತಲೆ ಎತ್ತದೆ ಗಂಡನಿಗೆ ಹೇಳಿದಳು.

"ಬರೆದೋರು ಯಾರಾದ್ರೂ ಇರ್ಲಿ ಮಾಮಾ. ಯೇಳಿದ್ದು ಯಾರ ಬಾಯಿ?"

ಅವನು ಎದ್ದುಹೋಗಿ ಮೊಪೆಡ್ ಒರೆಸತೊಡಗಿದ. ನಾನು ಬಚಾವಾದೆ. ಪೊನ್ನಮ್ಮಾಳ್‌ಗೆ ಮನಸ್ಸಿನಲ್ಲೇ ಕೈಮುಗಿದು ಮುಂದಿನ ಭಾಗಕ್ಕೆ ಓಡಿದೆ.

೬

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಒಂದು: ವೇಲುಸಾಮಿ ಮೈಕ್ ಹಿಡಿದು ತಪ್ಪೊಪ್ಪಿಕೊಳ್ಳುತ್ತಾನೆ. ಜನ ಕಣ್ಣೀರು ಹಾಕುತ್ತಾರೆ. ಮರುದಿನ ಹೊಸ ಫ್ಲೆಕ್ಸ್, 'ತಪ್ಪೊಪ್ಪಿಕೊಂಡ ತಂಗಂ ವೇಲುಸಾಮಿ'. (ತಂಗಂ ಎಂದರೆ ಬಂಗಾರ. ಇದು ಅವನೇ ಬರೆದುಕೊಟ್ಟದ್ದು. ಮೈಕ್ ಬಾಡಿಗೆಗೂ ಹೇಳಿಟ್ಟಿದ್ದಾನಂತೆ.)

ಇನ್ನೊಂದು: ವೇಲುಸಾಮಿ ಸುಮ್ಮನಿರುತ್ತಾನೆ. ಆಂಡಿ ಕೋಲು ನೆಲಕ್ಕಿಟ್ಟು, ಹೋರಿಯ ಕೊರಳು ಸವರಿ, ತೇನಿ ಬಸ್ಸು ಹತ್ತುತ್ತಾರೆ. ಸಾಹಿತ್ಯದ ಲೆಕ್ಕದಲ್ಲಿ ಇದೇ ಒಳ್ಳೆಯದು, ವಿಷಾದವಿದೆ, ಬಹುಮಾನವೂ ಬರಬಹುದು. ಬರೆದು ಮುಗಿಸಿ ಓದಿಕೊಂಡೆ. ಆ ಮುದುಕರು ಬಸ್ಸಿನಲ್ಲಿ ಎಲ್ಲಿಗೆ ಹೋಗುತ್ತಾರೆ? ನನಗೇ ಗೊತ್ತಿರಲಿಲ್ಲ.

ಮತ್ತೊಂದು: ಹೋರಿ ಮಾತಾಡುತ್ತದೆ. (ಕ್ಷಮಿಸಿ. ಆ ಹೊತ್ತಿಗೆ ಬಹಳ ಹಸಿವಾಗಿತ್ತು.)

೭

ಶುಕ್ರವಾರ ನಡೆದದ್ದು ಬೇರೆಯೇ.

ದೊಡ್ಡಿಯ ಮುಂದೆ ಜನ ಕೂತಿದ್ದರು. ವೇಲುಸಾಮಿ ಜೇಬಿನಲ್ಲಿ ಭಾಷಣದ ಚೀಟಿ ಇಟ್ಟುಕೊಂಡು, ಮೈಕಿನವನು ಯಾಕೆ ಬರಲಿಲ್ಲವೆಂದು ರಸ್ತೆ ನೋಡುತ್ತಿದ್ದ. ಮೈಕ್ ಬರುವವರೆಗೆ ಸುಮ್ಮನಿರೋಣ ಎಂದುಕೊಂಡ. (ಮೈಕ್ ಬರದ ಹಾಗೆ ಮಾಡಿದ್ದು ನಾನು. ಅಷ್ಟಾದರೂ ಅಧಿಕಾರ ನನಗಿದೆ.) ಅಷ್ಟರಲ್ಲಿ ಆಂಡಿ ಎದ್ದು ನಿಂತರು.

"ತಪ್ಪು ನಂದೂ ಐತೆ," ಎಂದರು. "ಹಿಂದಿನ ಬೇಲಿ ತಾವ ದಿನಾ ಕಬ್ಬಿನ ಸಿಪ್ಪೆ ಬಿದ್ದಿರ್ತಿತ್ತು. ನಾನು ಗುಡಿಸ್ಬಿಡ್ತಿದ್ದೆ. ಯಾರು ಅಂತ ಕೇಳ್ಬೇಕಾಗಿತ್ತು, ಕೇಳ್ಲಿಲ್ಲೆ." ಕೋಲನ್ನು ಕಾಮರಾಜರ ಮುಂದೆ ಇಟ್ಟರು.

ಅಷ್ಟೇ. ಯಾರೋ ಕಬ್ಬು ತಿನ್ನಿಸುತ್ತಿದ್ದದ್ದು ಆರು ತಿಂಗಳೂ ಅವರಿಗೆ ಗೊತ್ತಿತ್ತು! ವೇಲುಸಾಮಿಗೆ ಮೊದಲು ಭಯವಾಯಿತು. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಹೊಟ್ಟೆಕಿಚ್ಚಾಯಿತು. ಶಿಬಿರಕ್ಕೆ ಹೋದವನು ತಾನು, ಕಾಲಿಗೆ ಬಿದ್ದವನು ತಾನು, ತಪ್ಪು ಮಾಡಿದವನೂ ತಾನು, ಈ ಮನುಷ್ಯ ಅದನ್ನೂ ಎತ್ತಿಕೊಂಡು ಹೋಗುತ್ತಿದ್ದಾನಲ್ಲ! ಎದ್ದೇಬಿಟ್ಟ.

"ಅಣ್ಣೇ, ಅದು ನಂದು! ನನ್ನ ತಪ್ಪು ನೀನ್ಯಾಕೆ ತಗೊಂತೀಯ?"

ಎಲ್ಲರೂ ತಿರುಗಿದರು. ಚೀಟಿ ಜೇಬಿನಲ್ಲೇ ಉಳಿಯಿತು.

"ಕಬ್ಬು ತಿನ್ನಿಸ್ದೋನು ನಾನು. ಆರು ತಿಂಗ್ಳು ತಿನ್ನಿಸ್ದೆ. ಅಣ್ಣನ ಮೇಲೆ ಹಾಕಿದ್ದೂ ನಾನು."

ಅವನು ಕಲ್ಲಿಗೂ ಸಿದ್ಧನಾಗಿದ್ದ, ಹಾರಕ್ಕೂ ಸಿದ್ಧನಾಗಿದ್ದ. ಎರಡೂ ಬರಲಿಲ್ಲ. ಯಾರೋ ಕೆಮ್ಮಿದರು. ಕಾಮರಾಜ್ ಕೋಲನ್ನು ಎತ್ತಿ ಆಂಡಿಯ ಕೈಗೆ ಕೊಟ್ಟು, ವೇಲುಸಾಮಿಯ ಕಡೆ ನೋಡಿ, "ಸರಿ, ಕೂತ್ಕೋ," ಎಂದರು. ಹೋರಿಯ ಪಟ್ಟ ಉಳಿಯಬೇಕೋ, ಮತ್ತೆ ಕಬ್ಬು ಇಡಬೇಕೋ ಎಂದು ಮಾತು ಆಗಲೇ ಬೇರೆ ಕಡೆ ಹೊರಟಿತ್ತು.

ವೇಲುಸಾಮಿ ಕೂರಲಿಲ್ಲ. ಅವನ ಬಾಯಿ ಮತ್ತೆ ತೆರೆಯಿತು. "ಆದ್ರೆ..." ಎಂದ.

ಹೆಂಗಸರ ಸಾಲಿನಿಂದ ಪೊನ್ನಮ್ಮಾಳ್ ಅವನನ್ನು ನೋಡುತ್ತಿದ್ದಳು. ನಾನೂ ಪೆನ್ನು ನಿಲ್ಲಿಸಿ ನೋಡಿದೆ. ಆ 'ಆದ್ರೆ'ಯ ಹಿಂದೆ ಏನೆಲ್ಲ ಕಾದಿತ್ತೋ! ಅವನು ಆಂಡಿಯ ಕಡೆ ನೋಡಿದ, ನೆಲ ನೋಡಿದ, ಮಾತನ್ನು ನುಂಗಿ ಕೂತುಬಿಟ್ಟ. ಜಾಗ ಸಾಲದಿದ್ದುದಕ್ಕೆ ಆಂಡಿ ಸ್ವಲ್ಪ ಸರಿದುಕೊಂಡರು.

ಅವನು ಎದ್ದದ್ದು ಅಹಂಕಾರದಿಂದಲೋ, ಅಹಂಕಾರ ಬಿಟ್ಟೋ? ನನ್ನನ್ನು ಕೇಳಬೇಡಿ. ಆದರೆ ಅವನು ಕೂತದ್ದು ಕಂಡಾಗ ನನಗೆ ಬಹಳ ಸಂತೋಷವಾಯಿತು.

೮

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಕುತೂಹಲ ತಡೆಯಲಿಲ್ಲ. ಆ 'ಆದ್ರೆ' ಆದಮೇಲೆ ಏನು ಹೇಳಬೇಕೆಂದಿದ್ದೆ ಎಂದು ವೇಲುಸಾಮಿಯನ್ನು ಹನ್ನೊಂದು ಸಲ ಕೇಳಿದೆ. ಹೇಳಲಿಲ್ಲ. ನಿನ್ನನ್ನು ಸೃಷ್ಟಿಸಿದವನು ನಾನು, ನನಗೇ ಹೇಳುವುದಿಲ್ಲವೇ ಎಂದು ರೇಗಿದೆ. ಅವನು ಹೋರಿಗೆ ಹುಲ್ಲು ತಿನ್ನಿಸಲು ಒದ್ದಾಡುತ್ತಿದ್ದ, ತಿರುಗಿಯೂ ನೋಡಲಿಲ್ಲ.

"ನೀವೊಂದು ಮಾತು ಯೇಳ್ಬೇಕಲ್ಲ ಸಾರ್," ಎಂದಳು ಪೊನ್ನಮ್ಮಾಳ್. "ಆವತ್ತು 'ಯಾರ ಬಾಯಿ' ಅಂತ ನಾನು ಕೇಳಿದ್ದು ಅವ್ರನ್ನ. ಬರೆದ ಕೈ ಯಾರ್ದು ಅಂತ ನಿಮ್ಮನ್ನ ಇನ್ನೂ ಕೇಳಿಲ್ಲೆ."

ಎಲ್ಲರೂ ಕಾಯುತ್ತಿದ್ದಾರೆ. ಆಂಡಿ ಕೋಲೂರಿಕೊಂಡು ನಿಂತಿದ್ದಾರೆ. ನೀವೂ ಇದ್ದೀರಿ. ಸರಿ.

ಮೂರನೇ ಭಾಗ ಸಪ್ಪೆಯಾಗಿತ್ತು. ಯಾರಿಗಾದರೂ ಅನ್ಯಾಯವಾಗದೆ ಕಥೆ ಏಳುತ್ತಿರಲಿಲ್ಲ. ಬಾಯಿ ಸತ್ತ ಮುದುಕರೊಬ್ಬರು ಕೈಗೆ ಸಿಕ್ಕರು, ಅಪವಾದವನ್ನು ಅವರ ಮೇಲೆ ಹಾಕಿದೆ. ಹಾಕಿದ್ದು ನಾನು. ಆದರೆ...