ಬಿಸಿ ಗಾಜಿನ ಬಣ್ಣ

ಸಯೋರಾ ಕೈಯಲ್ಲಿನ ಮರದ ಹುಟ್ಟನ್ನು ಬಿಡುವಂತಿರಲಿಲ್ಲ. ಸಂಶೋಧನಾ ಸಂಸ್ಥೆಯ ಅಂಗಳದ ಕೊಪ್ಪರಿಗೆಯಲ್ಲಿ ನವ್ರೂಜ್ ಹಬ್ಬದ ಸುಮಲಕ್, ಮೊಳಕೆಗೋಧಿಯ ಹಾಲು, ಕುದಿಯುತ್ತಿತ್ತು. ಇನ್ನೊಬ್ಬರು ಬಂದು ಇಸಿದುಕೊಳ್ಳುವವರೆಗೆ ತಿರುವುತ್ತಲೇ ಇರಬೇಕು. ತಾಷ್ಕೆಂಟಿನಲ್ಲಿ ಅದು ಕಟ್ಟಳೆ.

"ಓಪಾ, ಒಂದ್ನಿಮಿಷ ಹಿಡ್ಕೊಳ್ಳಿ. ಮೇಲೆ ಕುಲುಮೇಲಿ ಗಾಜಿದೆ."

"ನಿನ್ನ ಗಾಜೇನು ತಳ ಹಿಡಿಯುತ್ತಾ? ಇದು ಹಿಡಿಯುತ್ತೆ," ಎಂದಳು ಎಲ್ಲರೂ ಓಪಾ, ಅಕ್ಕ, ಎನ್ನುವ ಕೊಪ್ಪರಿಗೆಯ ಯಜಮಾನಿ ಖುಮೋರ್. "ತಿರುವು. ಗಂಡ ಸಿಗಲಿ ಅಂತ ಬೇಡ್ಕೋ."

ಸಯೋರಾ ಬೇಡಿಕೊಂಡದ್ದು ಗಾಜಿಗಾಗಿ. ಅಂಗೈಯಗಲದ ಬಿಲ್ಲೆಯ ಮೇಲೆ ಗಾಜಿನದೇ ತೆಳು ಪದರ, ಅದರೊಳಗೆ ಅರೆವಾಹಕದ ಅತಿಸಣ್ಣ ಕಣಗಳು. ಕಾಯಿಸಿದಷ್ಟೂ ಕಣ ಬೆಳೆಯುತ್ತದೆ, ಹಳದಿ ಹೋಗಿ ಕೆಂಪೇರುತ್ತದೆ. ಬೆಳೆದದ್ದನ್ನು ಮತ್ತೆ ಚಿಕ್ಕದಾಗಿಸಲು ಬ್ರಹ್ಮ ಬಂದರೂ ಆಗದು. ನಾಳೆ ತಪಾಸಣೆಯವರಿಗೆ ಹಳದಿ ಗಾಜು ತೋರಿಸದಿದ್ದರೆ ಇಸ್ಮತುಲ್ಲಾ ದೋಮ್ಲಾರ ಪ್ರಯೋಗಾಲಯಕ್ಕೆ ಬೀಗ. ಪದರ ಹಚ್ಚುವ ಯಂತ್ರ ಕೆಟ್ಟು ಕೂತಿತ್ತು. ಇದ್ದದ್ದು ಅದೊಂದೇ ಗಾಜು. ಇಡೀ ಆಯುಸ್ಸು ತೇದ ಆ ಮುದುಕ ಗುರು ಅದನ್ನು ಶಿಷ್ಯೆಯ ಕೈಗೆ ಒಪ್ಪಿಸಿದ್ದರು.

ಕೊನೆಗೆ ಯಾರೋ ಹುಟ್ಟು ಇಸಿದುಕೊಂಡರು. ಸಯೋರಾ ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲು ಹತ್ತಿದಳು. ಹೊತ್ತು ಮೀರಿತ್ತು. ಇಕ್ಕಳದಿಂದ ಗಾಜನ್ನು ಈಚೆಗೆಳೆದಳು. ಕೆಂಪು. ದಾಳಿಂಬೆ ಬೀಜದ ಕೆಂಪು.

ಆಗಲೇ ಹೊರಗೆ ದೋಮ್ಲಾರ ಊರುಗೋಲಿನ ಸದ್ದು ಕೇಳಿತು. ಭಯ ಮೊದಲು ತಿನ್ನುವುದೇ ಬುದ್ಧಿಯನ್ನು. ಮೈಮರೆತು ಕೆಡಿಸಿದೆ ಎನ್ನುವುದಕ್ಕಿಂತ ಕೈ ಜಾರಿತು ಎನ್ನುವುದು ಹಗುರ ಎಂದು ಆ ಗಳಿಗೆಯಲ್ಲಿ ಅವಳಿಗೆ ಅನ್ನಿಸಿತು. ಇಕ್ಕಳ ಸಡಿಲಿಸಿದಳು. ಗಾಜು ಬಿಳಿಕಲ್ಲಿನ ನೆಲಕ್ಕೆ ಬಿದ್ದು ಚೂರಾಯಿತು.

ದೋಮ್ಲಾ ಒಳಗೆ ಬಂದರು. ಕೈಯಲ್ಲಿ ಅವಳಿಗೆಂದು ತಂದ ಚಹಾದ ಬಟ್ಟಲಿತ್ತು.

"ಕೈ ಜಾರಿಬಿಡ್ತು, ದೋಮ್ಲಾ."

"ಸುಟ್ಕೊಂಡಿಲ್ಲ ತಾನೆ, ಮಗಳೇ?" ಚೂರುಗಳನ್ನು ಕಂಡು ಅವರು ಬಟ್ಟಲನ್ನು ಮೇಜಿನ ಮೇಲಿಟ್ಟರು. "ಖುಮೋರ್ ಕೈಗೆ ನೀನು ಸಿಕ್ಕಿದ್ದು ಕಿಟಕೀಲಿ ಕಾಣ್ತು. ಅವಳು ಅಷ್ಟು ಸುಲಭಕ್ಕೆ ಬಿಡ್ತಾಳಾ? ಹೊತ್ತಿಗೆ ಸರಿಯಾಗಿ ನಾನೇ ಬಂದು, ಕಣ ಬೆಳೆಯದಷ್ಟಕ್ಕೆ ಕಾವು ತಗ್ಗಿಸಿ ಹೋದೆ."

ಸಯೋರಾ ನೆಲ ನೋಡಿದಳು. ಚೂರುಗಳು ಆರುತ್ತಿದ್ದವು. ಕೆಂಪು ಇಳಿದು ಕಿತ್ತಳೆಯಾಯಿತು, ಕಿತ್ತಳೆ ಅವಳ ಕಣ್ಣೆದುರೇ ತಿಳಿಹಳದಿಗೆ ಬಂದು ನಿಂತಿತು. ಬಿಸಿ ಗಾಜು ಕೆಂಪಾಗೇ ಕಾಣುತ್ತೆ, ಆರುವವರೆಗೂ ನಂಬಬೇಡ ಎಂದು ದೋಮ್ಲಾ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಅವರು ಕಷ್ಟಪಟ್ಟು ಬಗ್ಗಿ ಒಂದು ಚೂರನ್ನು ಕರವಸ್ತ್ರದಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ನಮಗೆ ಬೇಕಾಗಿದ್ದ ಹಳದಿಯೇ, ನೋಡು."

ಅವಳು ಇಕ್ಕಳ ಕೆಳಗಿಟ್ಟಳು; ದೋಮ್ಲಾ ಬಟ್ಟಲನ್ನು ಅವಳತ್ತ ಸರಿಸಿದರು.

"ಚಹಾ ಕುಡಿ. ಕೈ ಜಾರೋದು ಯಾರಿಗೂ ತಪ್ಪಿದ್ದಲ್ಲ. ನಾಳೆ ಬರೋರಿಗೆ ನನ್ನ ಕೈಯೇ ನಡುಗ್ತು ಅಂತೀನಿ. ವಯಸ್ಸಾಯ್ತಲ್ಲ, ನಂಬ್ತಾರೆ."