ಎರಡು ಬೆರಳಿನಷ್ಟು ಬೆಳಕು

ಗಾಳಿ, ಬೆಳಕು ಹರಿಯುವ ಮೊದಲೇ ಎದ್ದ ಗಾಳಿ, ಹೋಟೆಲಿನ ಬಾಗಿಲ ಮುಂದಿನ ಪ್ಲಾಸ್ಟಿಕ್ ಚಪ್ಪರವನ್ನು ಹಿಡಿದು ಪಟಪಟ ಬಡಿಯುತ್ತಿದೆ, ಮಳೆಯ ವಾಸನೆ ಇಲ್ಲ, ಮೋಡ ಮಾತ್ರ ಬೆದರಿದ ಕುರಿಗಳ ಹಾಗೆ ಒಂದರ ಮೇಲೊಂದು ಬಿದ್ದು ಓಡುತ್ತಿದೆ, ಎದುರಿನ ಪೆಟ್ರೋಲ್ ಬಂಕಿನ ಬಾವುಟಗಳೆಲ್ಲ ಒಂದೇ ಕಡೆಗೆ ತಿರುಗಿ ಬಿಗಿದು ನಿಂತಿವೆ — ಒಂದು ದಿನ, ದೇವರೇ, ಒಂದೇ ಒಂದು ದಿನ ಮೊದಲು ಈ ಗಾಳಿಯನ್ನು ಕಳಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಎಂದುಕೊಂಡ ಬೂಟು ರಿಪೇರಿಯವನು, ಒಂದು ಕೈಯಲ್ಲಿ ಮಗಳ ಕೆಂಪು ಚೀಲ, ಇನ್ನೊಂದು ಕೈ ಖಾಲಿ, ಯಾಕೆಂದರೆ ಮಗಳು ಇವತ್ತು ಕೈ ಹಿಡಿಯಲಿಲ್ಲ, ತನ್ನ ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಾಳೆ, ಎಂಟು ವರ್ಷದ ಮಿಡತೆ, ನಿಂತಲ್ಲಿ ನಿಲ್ಲದೆ ಹಾರುತ್ತಾಳೆಂದು ಅವನೇ ಇಟ್ಟ ಹೆಸರು, ನಿನ್ನೆ ಮಧ್ಯಾಹ್ನದಿಂದ ಹಾರಿಲ್ಲ. ಇವತ್ತು ಗಿಡುಗ ಹಾರಲ್ಲ ಸ್ವಾಮೀ, ಬಸ್ಸಿನ ಬಾಗಿಲಿಗೆ ಒರಗಿದ ಡ್ರೈವರ್ ನಗುತ್ತಾನೆ, ಇಂಥ ಗಾಳೀಲಿ ಪಾರ್ಕಿನೋರು ಆ ರೈಡಿಗೆ ಬೀಗ ಹಾಕ್ಬಿಡ್ತಾರೆ, ನೀವು ನಿನ್ನೇನೇ ಹತ್ತಿ ಬಂದ್ರಿ ತಾನೆ, ಜಾಣರು ಬಿಡಿ — ಜಾಣ, ಹೌದು, ಅತಿ ಜಾಣ, ಗಾಳಿ ಗುದ್ದಿ ಮೈ ನೋಯಿಸಿಕೊಂಡ ಜಾಣ. ಗಿಡುಗ ಇವತ್ತು ಮುಚ್ಚುತ್ತದೆ. ಇವತ್ತು ಹೋಗಿದ್ದರೆ ಯಾರೂ ಅವಳ ಎತ್ತರ ಅಳೆಯುತ್ತಿರಲಿಲ್ಲ, ಅಯ್ಯೋ ಮುಚ್ಚಿದೆ ಕಣೇ ಮಿಡತೇ, ನಮ್ಮ ಹಣೆಬರಹ ಎಂದು ಇಬ್ಬರೂ ಗಾಳಿಯನ್ನು ಬೈದುಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದರು, ಅವಳು ಬೆಳೆದವಳಾಗಿಯೇ ಉಳಿಯುತ್ತಿದ್ದಳು.

ಬಸ್ಸು ಹೊರಟಿತು, ಗಂಟೆಗೊಂದು ಸಲ ಹೊರಡುವ ಹೋಟೆಲಿನ ಬಿಟ್ಟಿ ಬಸ್ಸು, ಥೀಮ್ ಪಾರ್ಕಿನ ಬಾಗಿಲಿಗೆ ಊರೆಲ್ಲ ಸುತ್ತಿ ನಲವತ್ತು ನಿಮಿಷ, ಈ ನಲವತ್ತು ನಿಮಿಷದಲ್ಲಿ ಹೇಳಿಬಿಡಬೇಕು, ಹತ್ತು ಗಂಟೆಗೆ ಅವಳನ್ನು ಅವಳ ಅಮ್ಮನಿಗೆ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಹೇಳಲು ಅವನಿಗೆ ಎಲ್ಲಿಯ ಮಗಳು. ಮೂರು ರಾತ್ರಿ ಹೊರಗೆ ನಿಮ್ಮ ಜೊತೆ, ಎರಡು ರಾತ್ರಿ ಒಳಗೆ ನಮ್ಮ ಜೊತೆ, ಎಂದು ಮಿಡತೆಯ ಅಮ್ಮ ಫೋನಿನಲ್ಲಿ ಹೇಳಿದ್ದಳು, ಸಂಸಾರ ಮಾಡಿದಷ್ಟು ದಿನ ನೀನು ಎಂದೇ ಕರೆದವಳು ಈಗ ನೀವು ಎನ್ನುತ್ತಾಳೆ, ಎಲ್ಲರೂ ಹಾಗೇ ಮಾಡ್ತಾರಂತೆ, ಮೊದಲು ಹೊರಗಿನ ಹೋಟೆಲು, ಕೊನೆಗೆ ಪಾರ್ಕ್ ಒಳಗಿನ ಹೋಟೆಲು, ಆಗ ಮಕ್ಕಳಿಗೆ ದಿನದಿನಕ್ಕೂ ಖುಷಿ ಜಾಸ್ತಿ ಆಗ್ತಾ ಹೋಗತ್ತಂತೆ, ಮೊದಲೇ ಒಳಗಿದ್ದುಬಿಟ್ರೆ ಆಮೇಲೆ ಹೊರಗಿಂದು ಸಪ್ಪೆ ಅನ್ಸತ್ತೆ. ಅವಳ ಮಾತಿನಲ್ಲಿ ವಿಷ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು, ಉಗುಳಬಹುದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿದ, ಎರಡು ಮಂಚ, ಒಂದು ಕೆಟಲು, ಗೋಡೆಯಾಚೆ ಯಾರೋ ಕೆಮ್ಮಿದರೆ ತನ್ನ ಗಂಟಲೇ ಕೆರೆದಂತಾಗುವ ಕೋಣೆ, ಆದರೆ ಕಿಟಕಿಯಲ್ಲಿ ಪೆಟ್ರೋಲ್ ಬಂಕಿನ ತಲೆಯ ಮೇಲೆ, ದೂರದಲ್ಲಿ, ಗಿಡುಗದ ಬೆನ್ನು ಕಾಣುತ್ತಿತ್ತು, ಆಕಾಶಕ್ಕೆ ಏರಿ ಒಮ್ಮೆಲೇ ಕೆಳಗೆ ಬೀಳುವ ಕಬ್ಬಿಣದ ಹಳಿ, ಮೊದಲ ಸಂಜೆ ಮಿಡತೆ ಮಂಚದ ಮೇಲೆ ಹಾರಿಹಾರಿ ಅಪ್ಪಾ ನಮಗೆ ಮಲಗಿದಲ್ಲಿಂದಾನೇ ಕಾಣ್ಸತ್ತೆ, ಒಳಗಿರೋರಿಗೆ ಪಾಪ ಕಾಣ್ಸಲ್ಲ ಎಂದಳು, ಒಳಗಿನ ಹೋಟೆಲಿನಲ್ಲಿ ಆನೆಯ ಆಕಾರದ ದಿಂಬು ಇರುತ್ತದೆಂಬುದನ್ನು ಅವನಿಂದ ಬಚ್ಚಿಟ್ಟಳು, ಎರಡನೆಯ ದಿನ ಬಾಯಿತಪ್ಪಿ ಹೇಳಿ ತುಟಿ ಕಚ್ಚಿಕೊಂಡಳು. ಅಂಥ ಮಗು. ಎರಡು ದೋಣಿಯಲ್ಲಿ ಕಾಲಿಟ್ಟು ಎರಡೂ ಅಲುಗದಂತೆ ನಿಲ್ಲಲು ಕಲಿತ ಮಗು. ಮುಂದಿನ ತಿಂಗಳು ಅಮ್ಮನಿಗೆ ದೂರದ ಊರಿನ ಕಣ್ಣಾಸ್ಪತ್ರೆಯಲ್ಲಿ ಕೆಲಸ, ಅಮ್ಮನ ಗಂಡ ಕನ್ನಡಕದವನಿಗೆ ಅದೇ ಆಸ್ಪತ್ರೆಯ ಮೆಟ್ಟಿಲ ಪಕ್ಕ ಅಂಗಡಿ, ಮಿಡತೆಗೆ ಅಲ್ಲೇ ಸ್ಕೂಲು, ವರ್ಷಕ್ಕೊಮ್ಮೆ ಕಳಿಸ್ತೀವಿ, ಖಂಡಿತ ಕಳಿಸ್ತೀವಿ — ಅಲ್ಲೂ ಒಂದು ಪಾರ್ಕು ಇದೆಯಂತೆ, ಅಲ್ಲೂ ಗಿಡುಗದಂಥದ್ದೇ ಒಂದು ಇದೆಯಂತೆ, ಮುಂದಿನ ವರ್ಷದ ಹೊತ್ತಿಗೆ ಅವಳು ತಾನಾಗಿಯೇ ಅದನ್ನು ಹತ್ತಲು ಬೇಕಾದ ಎತ್ತರ ಮುಟ್ಟುತ್ತಾಳೆ, ಮೊದಲ ಸಲ ಏರುತ್ತಾಳೆ, ಮೊದಲ ಸಲ ಬೀಳುವಾಗ ಒಂದು ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಾಳೆ, ಆ ಕೈ ಕನ್ನಡಕದವನದು. ಅವಳು ಐದು ವರ್ಷದವಳಿದ್ದಾಗ, ಮೂವರೂ ಒಟ್ಟಿಗೆ ಬಂದಿದ್ದಾಗ, ಗಿಡುಗದ ಕೆಳಗೆ ಅವಳನ್ನು ಹೆಗಲ ಮೇಲೆ ಹೊತ್ತು ಮಾತು ಕೊಟ್ಟವನು ಈ ಅಪ್ಪ, ನೀನು ಎತ್ತರ ಮುಟ್ಟಿದ ದಿನ ನಿನ್ನ ಪಕ್ಕ ನಾನೇ ಕೂರ್ತೀನಿ ಕಣೇ, ಬೇರೆ ಯಾರನ್ನೂ ಕೂರಿಸ್ಕೋಬೇಡ. ಬೇರೆ ಯಾರನ್ನೂ. ಮಿಡತೇ, ಎಂದ. ಹೂಂ, ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ. ಏನಿಲ್ಲ, ಹಸಿವಾ? ಬೆಳಿಗ್ಗೆ ತಿಂದೆನಲ್ಲ ಅಪ್ಪಾ. ಹೌದಲ್ಲ, ಬ್ರೆಡ್ ತಿಂದೆ. ಹೌದಲ್ಲ.

ಅವನ ಬೂಟು ರಿಪೇರಿ ಅಂಗಡಿ ರೈಲು ನಿಲ್ದಾಣದ ಮೆಟ್ಟಿಲ ಕೆಳಗೆ, ಮೇಲೆ ಊರಿಗೆ ಊರೇ ತುಳಿದುಕೊಂಡು ಹೋಗುತ್ತದೆ, ಕೆಳಗೆ ಕೂತವನಿಗೆ ಹೆಜ್ಜೆಯ ಸದ್ದಿನಲ್ಲೇ ಯಾವ ಹಿಮ್ಮಡಿ ಸವೆದಿದೆ, ಯಾವ ಅಟ್ಟೆ ಬಾಯಿ ಬಿಟ್ಟಿದೆ ಎಂದು ಗೊತ್ತಾಗುತ್ತದೆ, ಬಾಗಿಲ ಚೌಕಟ್ಟಿನ ಮೇಲೆ ಮಿಡತೆಯ ಎತ್ತರದ ಗೀಟುಗಳು, ಪ್ರತಿ ಹುಟ್ಟುಹಬ್ಬಕ್ಕೆ ಒಂದು, ಸೀಮೆಸುಣ್ಣದ್ದಲ್ಲ, ದಬ್ಬಣದಲ್ಲಿ ಗೀರಿದ್ದು, ಅಳಿಸಬಾರದೆಂದು. ಈ ವರ್ಷದ ಗೀಟು ಗಿಡುಗದವರು ಕೇಳುವ ಎತ್ತರಕ್ಕಿಂತ ಎರಡು ಬೆರಳು ಕಡಿಮೆ ಬಿತ್ತು. ಎರಡೇ ಬೆರಳು, ತೋರುಬೆರಳು ನಡುಬೆರಳು ಜೋಡಿಸಿ ಇಟ್ಟರೆ ಮುಗಿಯಿತು, ದೇವರ ಲೆಕ್ಕದಲ್ಲಿ ಅದು ಎಷ್ಟರದ್ದು, ಆರು ತಿಂಗಳು ತಡೆದರೆ ಅವನೇ ಕೊಡುತ್ತಾನೆ, ಆದರೆ ಆರು ತಿಂಗಳು ಯಾರ ಬಳಿ ಇದೆ. ಅದಕ್ಕೇ ಹೊಸ ಶೂ ಮಾಡಿದ, ಪಾದಕ್ಕಿಂತ ಒಂದು ಅಳತೆ ದೊಡ್ಡದು, ಕಾಲಿನ ಗಂಟು ಮುಚ್ಚುವಷ್ಟು ಎತ್ತರದ್ದು, ಒಳಗೆ ತೊಗಲಿನ ಮೇಲೆ ತೊಗಲಿಟ್ಟು ಹೊಲಿದ ಮೆತ್ತೆ, ಹಿಮ್ಮಡಿಯ ಕೆಳಗೆ ಎರಡು ಬೆರಳು ದಪ್ಪ, ಬೆರಳ ಕಡೆಗೆ ಬರಬರುತ್ತ ಹಣ್ಣಿನ ಸಿಪ್ಪೆಯಷ್ಟು ತೆಳ್ಳಗೆ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಅವನ ಕೈಗೇ ತಿಳಿಯದಂತೆ. ಕಾಲು ದೇವರು ಅಳೆದದ್ದು ಮಗಾ, ಅಟ್ಟೆ ಮಾತ್ರ ನಮ್ಮದು, ಎನ್ನುತ್ತಿದ್ದರು ಕೆಲಸ ಕಲಿಸಿದ ಅವನ ಅಪ್ಪ, ಬೆಳಿಗ್ಗೆ ಮೊದಲ ಜೋಡಿಯನ್ನು ಕಣ್ಣಿಗೊತ್ತಿಕೊಳ್ಳದೆ ದಬ್ಬಣ ಮುಟ್ಟುತ್ತಿರಲಿಲ್ಲ. ಇಂಥ ಮೆತ್ತೆಯನ್ನು ಅವನು ಮೊದಲೂ ಹೊಲಿದಿದ್ದ, ಒಂದು ಕಾಲು ಗಿಡ್ಡಗಿದ್ದ ಅಂಚೆಯವನಿಗೆ, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ಅಂಚೆಯವನು ಅತ್ತಿದ್ದ, ಅದು ಪುಣ್ಯ — ಆದರೆ ಅಂಚೆಯವನಿಗೆ ಒಳಗೇನಿದೆ ಎಂದು ಗೊತ್ತಿತ್ತು. ಮಿಡತೆಗೆ ಗೊತ್ತಿರಲಿಲ್ಲ. ಹೇಳಿದರೆ ಪಾರ್ಕಿನಲ್ಲಿ ಬಾಯಿ ಬಿಟ್ಟುಬಿಡುತ್ತಾಳೆ, ಮಕ್ಕಳ ಬಾಯಿ, ಎಂದುಕೊಂಡ, ಇಷ್ಟೇ ಯೋಚಿಸಿದ್ದು. ಒಂದು ಭಾನುವಾರ ಅಂಗಡಿಗೆ ಬಂದವಳಿಗೆ ಶೂ ತೊಡಿಸಿದ, ಬಿಗಿ ಆಗತ್ತೆ ಅಪ್ಪಾ, ಆಗದೆ ಇನ್ನೇನು, ಕಾಲೂ ಬೆಳೆದಿದೆಯಲ್ಲೇ, ಬಾ ಚೌಕಟ್ಟಿಗೆ ನಿಲ್ಲು ನೋಡೋಣ, ದಬ್ಬಣದಲ್ಲಿ ಹೊಸ ಗೀಟು ಗೀರಿದ, ಅವಳು ತಿರುಗಿ ಹಳೆಯ ಗೀಟಿನ ಮೇಲೆ ಒಂದು ಬೆರಳು, ಹೊಸದರ ಮೇಲೆ ಒಂದು ಬೆರಳು ಇಟ್ಟು ಬಾಯಿ ತೆರೆದು ನಿಂತಳು, ಆಮೇಲೆ ಹಾರಿದಳು ನೋಡಿ, ಮೆಟ್ಟಿಲ ಮೇಲೆ ಹೋಗುತ್ತಿದ್ದವರು ಬಗ್ಗಿ ನೋಡುವಷ್ಟು, ಎರಡೇ ತಿಂಗಳಲ್ಲಿ ಬೆಳೆದೆ, ಕ್ಲಾಸಲ್ಲಿ ಎಲ್ಲರಿಗಿಂತ ಬೇಗ ಬೆಳೆದೆ, ಅಪ್ಪಾ ನಾನು ಹಾಲು ಕುಡಿದಿದ್ದಕ್ಕೇ ತಾನೆ — ಹೂಂ ಕಣೇ, ಹಾಲು ಕುಡಿದಿದ್ದಕ್ಕೇ. ಅವತ್ತಿನಿಂದ ಎರಡು ಹೊತ್ತೂ ಮುಖ ಸಿಂಡರಿಸದೆ ಹಾಲು ಕುಡಿಯುತ್ತಿದ್ದಾಳಂತೆ.

ಶೂ ಬಿಚ್ಚಮ್ಮಾ ಪುಟ್ಟಿ. ಯಾಕಮ್ಮಾ, ಶೂ ಯಾಕೆ ಬಿಚ್ಚಬೇಕು, ಎಂದ ಅವನು. ನಿನ್ನೆ, ಗಿಡುಗದ ಬಾಗಿಲಲ್ಲಿ ನಿಂತ ಟೋಪಿಯ ಹುಡುಗಿ ನಕ್ಕಳು, ಬಿಚ್ಚಿಸದಿದ್ರೆ ಈ ಅಪ್ಪಂದಿರೆಲ್ಲ ಶೂ ಒಳಗೆ ಪೇಪರ್ ತುರುಕಿ ಕರ್ಕೊಂಡು ಬರ್ತಾರೆ ಸಾರ್. ಒಂದೂವರೆ ಗಂಟೆ ಸಾಲಿನಲ್ಲಿ ನಿಂತು ಬಂದವರು, ಹಿಂದೆ ಜನ, ಮುಂದೆ ಮರದಲ್ಲಿ ಕಡೆದ ಗಿಡುಗ, ಒಂದು ರೆಕ್ಕೆಯನ್ನು ಅಡ್ಡಕ್ಕೆ ಚಾಚಿ ನಿಂತಿದೆ, ತಲೆ ರೆಕ್ಕೆಗೆ ತಾಗಿದವರು ಒಳಗೆ, ತಾಗದವರು ಹೊರಗೆ. ಬಿಡು ಮಿಡತೇ, ನಾಳೆ ಬರೋಣ, ಅಪ್ಪನಿಗೆ ತಲೆ ಸುತ್ತುತ್ತಿದೆ, ಎನ್ನಬಹುದಿತ್ತು, ನಾಲಿಗೆ ಬಿದ್ದುಹೋಗಿತ್ತೇ, ಅವಳು ಅಷ್ಟರಲ್ಲಿ ಲೇಸು ಬಿಚ್ಚಿಯಾಗಿತ್ತು, ಬಿಚ್ಚಿದರೇನಂತೆ, ನಾನು ಬೆಳೆದಿದೀನಲ್ಲ ಎಂಬ ಧೈರ್ಯದಲ್ಲಿ ಎಳೆದಳು, ಶೂವಿನಿಂದ ಮೆತ್ತೆ ಅರ್ಧ ಹೊರಗೆ ಬಂತು, ನಾಲಿಗೆಯ ಹಾಗೆ. ಟೋಪಿಯ ಹುಡುಗಿ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿ, ಅಬ್ಬಾ, ಇದು ಪೇಪರಲ್ಲ, ತೊಗಲು, ಹೊಲಿಗೆ ನೋಡ್ರಿ ಎಷ್ಟು ಚೆನ್ನಾಗಿದೆ — ಅವನ ಹೊಲಿಗೆಯನ್ನು ಯಾರಾದರೂ ಅಷ್ಟು ಜನರ ಮುಂದೆ ಹೊಗಳಿದ್ದು ಜನ್ಮದಲ್ಲಿ ಅದೇ ಮೊದಲು. ಅಪ್ಪ ಅಂದ್ರೆ ಹಿಂಗಿರ್ಬೇಕಪ್ಪಾ, ಎಂದ ಸಾಲಿನಲ್ಲಿದ್ದ ಒಬ್ಬ, ಎಲ್ಲರೂ ನಕ್ಕರು, ಒಳ್ಳೆಯ ನಗು, ಕೆಟ್ಟದ್ದಲ್ಲ. ಮಿಡತೆ ನಗಲಿಲ್ಲ. ಮೆತ್ತೆಯನ್ನು ನೋಡಿದಳು, ಅವನನ್ನು ನೋಡಿದಳು, ಆದರೂ ಹೋಗಿ ರೆಕ್ಕೆಯ ಕೆಳಗೆ ನಿಂತಳು, ಬಿಳಿ ಸಾಕ್ಸಿನಲ್ಲಿ, ಕತ್ತನ್ನು ಕೊಕ್ಕರೆಯಂತೆ ಎಳೆದಳು, ಉಸಿರು ಬಿಗಿಹಿಡಿದಳು, ತಲೆ ತಾಗಿತು, ತಾಗಿತು, ಹಿಮ್ಮಡಿ ಕೆಳಗಿಡು ಪುಟ್ಟಿ, ಎಂದಳು ಟೋಪಿಯ ಹುಡುಗಿ, ಈ ಸಲ ಮೆಲ್ಲಗೆ. ಹಿಮ್ಮಡಿಗಳು ಕೆಳಗೆ ಬಂದವು, ಹಲಗೆಗೆ ಚಪ್ಪಟೆಯಾಗಿ ಅಂಟಿಕೊಂಡವು, ತಲೆಗೂ ರೆಕ್ಕೆಗೂ ನಡುವೆ ಬೆಳಕು ಬಂತು. ಎರಡು ಬೆರಳಿನಷ್ಟು ಬೆಳಕು. ಅವಳು ಅಳಲಿಲ್ಲ, ಎರಡೂ ಮೆತ್ತೆಗಳನ್ನು ತಾನೇ ತೆಗೆದುಕೊಂಡು ಎತ್ತಲೋ ಹೋದಳು, ಕಸದ ಡಬ್ಬಿಗೆ ಹಾಕಿದಳೇನೋ, ಆಮೇಲೆ ಇಡೀ ಮಧ್ಯಾಹ್ನ ಸಡಿಲ ಶೂವಿನಲ್ಲಿ ಅವನ ಪಕ್ಕ ನಡೆದಳು, ಹೆಜ್ಜೆಹೆಜ್ಜೆಗೂ ಹಿಮ್ಮಡಿ ಎದ್ದು ಬಿದ್ದು ಟಪ್, ಟಪ್, ಬೇರೆ ಯಾರಿಗೂ ಕೇಳದ ಸದ್ದು, ಬಾರೇ, ಒಂದು ಬಟ್ಟೆ ಮಡಿಸಿ ಹಾಕಿಕೊಡ್ತೀನಿ, ಬೇಡ ಅಪ್ಪಾ, ಚೆನ್ನಾಗೇ ಇದೆ. ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದಳು, ಅಪ್ಪಾ, ಅಂಗಡಿ ಬಾಗಿಲ ಮೇಲಿರೋ ಗೀಟೂ ಸುಳ್ಳಾ? ಅವನು, ಊಟ ಮಾಡು, ಆರಿಹೋಗತ್ತೆ ಎಂದ. ಮಲಗುವ ಮುಂಚೆ ದಿನಾಲೂ ಹೇಳುವ ಪ್ರಾರ್ಥನೆಯನ್ನು ಇಬ್ಬರೂ ಹೇಳಿದರು, ಅವಳು ಕಣ್ಣು ಮುಚ್ಚಲಿಲ್ಲ, ಅವನಿಗೆ ಗೊತ್ತು, ಯಾಕೆಂದರೆ ಅವನೂ ಮುಚ್ಚಿರಲಿಲ್ಲ. ನಮ್ಮನ್ನು ಅಳೆಯುವವನು ಶೂ ಬಿಚ್ಚಿಸಿಯೇ ಅಳೆಯುತ್ತಾನಲ್ಲ ತಂದೇ, ನನ್ನನ್ನು ಅಳೆ, ಸಾಲಿನ ಮುಂದೆ ನಿಲ್ಲಿಸಿ ಅಳೆ, ಅವಳನ್ನು ಯಾಕೆ ನಿಲ್ಲಿಸಿದೆ.

ಬಂತು, ಒಳಗಿನ ಹೋಟೆಲು, ಬಾಗಿಲು ತಾನಾಗಿಯೇ ತೆರೆಯಿತು, ಗಾಳಿ ಹೊರಗೇ ನಿಂತಿತು, ನೆಲಕ್ಕೆ ದಪ್ಪ ಜಮಖಾನೆ, ಅದರ ಮೇಲೆ ಟಪ್ ಎನ್ನುವ ಸದ್ದು ಸತ್ತುಹೋಯಿತು, ಅದೂ ಹೋಯಿತಲ್ಲ ಎನಿಸಿತು ಅವನಿಗೆ. ಹೇಳಬೇಕಾದದ್ದು ಇನ್ನೂ ಬಾಕಿ ಇತ್ತು, ತಪ್ಪಾಯ್ತು ಕಣೇ, ಆ ಗೀಟು ಸುಳ್ಳು, ಹಿಂದಿನವೆಲ್ಲ ನಿಜ, ಇಷ್ಟೇ, ಒಂದು ಉಸಿರಿನ ಮಾತು, ಇಳಿಯುವಾಗ ಹೇಳುತ್ತೇನೆ ಎಂದುಕೊಂಡ, ಇಳಿದ ಮೇಲೆ ಬಾಗಿಲಲ್ಲಿ ಎಂದುಕೊಂಡ, ಬಾಗಿಲಲ್ಲಿ ಮಿಡತೆಯ ಅಮ್ಮ ನಿಂತಿದ್ದಳು. ಸಮಯಕ್ಕೆ ಸರಿಯಾಗಿ ಬಂದ್ರಿ, ಥ್ಯಾಂಕ್ಸ್. ಕನ್ನಡಕದವನು ಎದ್ದು ಬಂದು ಕೆಂಪು ಚೀಲಕ್ಕೆ ಕೈಚಾಚಿದ, ಕೊಡಿ, ಭಾರ ಇದೆಯಲ್ಲ, ಪಾಪ, ಒಳ್ಳೆಯವನು, ಬೈಯಲೂ ಬಾರದಷ್ಟು ಒಳ್ಳೆಯವನು, ಬೂಟು ರಿಪೇರಿಯವನು ಚೀಲ ಕೊಟ್ಟ. ರೂಮು ಮೂರು ಗಂಟೆಗೆ ಸಿಗತ್ತಂತೆ, ಆದ್ರೆ ಪಾರ್ಕಿಗೆ ಹೋಗೋ ಕೈಪಟ್ಟಿ ಈಗ್ಲೇ ಕೊಡ್ತಾರೆ, ನಾಳೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ನಮ್ಮನ್ನ ಒಳಗೆ ಬಿಡ್ತಾರೆ ಗೊತ್ತೇನೇ, ಎಂದು ಅಮ್ಮ ಬಗ್ಗಿ ಮಗಳ ಕೂದಲು ಸರಿಮಾಡಿದಳು, ಹೇಳು ಹೇಳು, ಗಿಡುಗ ಹತ್ತಿದ್ಯಾ? ಎರಡು ತಿಂಗಳಿಂದ ಅದೇ ಜಪ ಆಗಿತ್ತಲ್ಲ! ಮಿಡತೆ ಅಮ್ಮನ ಮುಖವನ್ನೇ ನೋಡುತ್ತ, ರೆಪ್ಪೆ ಬಡಿಯದೆ, ನಿನ್ನೆ ತುಂಬಾ ಗಾಳಿ ಇತ್ತಮ್ಮಾ, ಬೀಗ ಹಾಕ್ಬಿಟ್ಟಿದ್ರು, ಎಂದಳು. ಅಯ್ಯೋ ಪಾಪ, ಎಂದಳು ಅಮ್ಮ, ನಂಬಿದಳು, ಎಷ್ಟು ನಯವಾದ ಸುಳ್ಳು, ಹಣ್ಣಿನ ಸಿಪ್ಪೆಯಷ್ಟು ತೆಳ್ಳಗೆ, ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದಂತೆ, ಯಾರ ಕೈಕೆಲಸ ಎಂದು ಅವನೊಬ್ಬನಿಗೆ ಗೊತ್ತು, ಅಪ್ಪ ಕಲಿಸಿದ ಕಸುಬು ಮಗಳಿಗೆ ಬಂತು, ಮೂರು ರಾತ್ರಿಯಲ್ಲಿ ಅವನು ಅವಳಿಗೆ ಕೊಟ್ಟದ್ದು ಇದು. ಬಾಯಿ ತೆರೆದ. ಗಾಳಿ ಇರಲಿಲ್ಲ ಎನ್ನಬೇಕಿತ್ತು. ಅಮ್ಮ ಅಷ್ಟರಲ್ಲಿ ಸಹಿ ಹಾಕಲು ಮೇಜಿನ ಕಡೆ ನಡೆದಳು, ಕನ್ನಡಕದವನು ಚೀಲ ಹಿಡಿದು ಹಿಂದೆ ನಡೆದ, ಮಿಡತೆ ಹಿಂದೆ ಉಳಿದಳು, ಒಂದು ಗಳಿಗೆ, ಅವಳ ಕೈ ಜಾಕೆಟ್ಟಿನ ಜೇಬಿನಿಂದ ಹೊರಗೆ ಬಂತು, ಅವನ ಖಾಲಿ ಕೈಯನ್ನು ಬಿಡಿಸಿ ಅಂಗೈಯಲ್ಲಿ ಎರಡು ಮೆತ್ತೆಗಳನ್ನು ಇಟ್ಟಿತು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿತು, ಅಮ್ಮನಿಗೆ ಕಾಣದಂತೆ. ಇದು ನಿಂದು ಅಪ್ಪಾ, ಎಂದಳು. ಕೋಪ ಇರಲಿಲ್ಲ. ತೊಗಲು ಇನ್ನೂ ಬೆಚ್ಚಗಿತ್ತು, ನಿನ್ನೆಯಿಂದ ಹಿಡಿದುಕೊಂಡೇ ಇದ್ದಳು, ಬಸ್ಸಿನಲ್ಲೂ, ನಿದ್ದೆಯಲ್ಲೂ ಇರಬೇಕು — ಮಿಡತೇ, ಎಂದ, ಅವಳು ಆಗಲೇ ಜಮಖಾನೆಯ ಮೇಲೆ ಸದ್ದಿಲ್ಲದೆ ಹೋಗುತ್ತಿದ್ದಳು, ಸಡಿಲ ಶೂವಿನಲ್ಲಿ ಹಿಮ್ಮಡಿ ಎದ್ದು, ಬಿದ್ದು, ಎದ್ದು, ಹಿಮ್ಮಡಿ ಕೆಳಗಿಡು ಪುಟ್ಟಿ, ಬಿಳಿ ಸಾಕ್ಸು, ಮರದ ರೆಕ್ಕೆ, ಅದರ ಕೆಳಗೆ ಅವಳ ತಲೆ, ನಡುವೆ ಬೆಳಕು, ಎರಡು ಬೆರಳಿನಷ್ಟು, ಬೆಳಕು